ಎರಡು ಸುತ್ತು ಕಂಡರೆ ಸಾಕೇ? ಕ್ವೇಸಾರ್ ಬೆಳಕಿನ ಏರಿಳಿತದ ಲೆಕ್ಕಾಚಾರ

2025ರ ಅಕ್ಟೋಬರಿನಲ್ಲಿ ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದಿಂದ ಹೊರಟ ಸುದ್ದಿಯೊಂದು ಎಲ್ಲ ಕಡೆ ಓಡಿತು: ಒಂದನ್ನೊಂದು ಸುತ್ತುವ ಎರಡು ಕಪ್ಪುರಂಧ್ರಗಳು ಮೊದಲ ಬಾರಿಗೆ ಒಂದೇ ಚಿತ್ರದಲ್ಲಿ ಸಿಕ್ಕಿವೆ. ಆ ಆಕಾಶಕಾಯ ಓಜೆ 287 ಎಂಬ ಕ್ವೇಸಾರ್. ಇದೇ ಓಜೆ 287ರ ಬಗ್ಗೆ 2023ರಲ್ಲಿ ಬಂದ ಸುದ್ದಿ ನೆನಪಿದ್ದವರು ಇದನ್ನು ಓದಿ ತಲೆ ಕೆರೆದುಕೊಂಡಿರಬೇಕು. ಅಂದು ಜರ್ಮನಿಯ ಬಾನ್ ನಗರದ ತಂಡವೊಂದು ಬೇರೆಯೇ ಮಾತು ಹೇಳಿತ್ತು. ಮುನ್ಸೂಚನೆಯಂತೆ ಬರಬೇಕಿದ್ದ ಹೊಳಪು ಬರಲಿಲ್ಲ, ಕಪ್ಪುರಂಧ್ರಕ್ಕೆ ಹೇಳುತ್ತಿದ್ದ ತೂಕವೂ ನಿಜವಾದದ್ದಕ್ಕಿಂತ ನೂರು ಪಟ್ಟಿಗೂ ಮಿಕ್ಕಿದೆ ಎಂಬುದು ಅದರ ತೀರ್ಮಾನ. ಬೆಳಗ್ಗೆ ಕನ್ನಡದಲ್ಲೂ ಮಲಯಾಳದಲ್ಲೂ ಸುದ್ದಿ ಓದುವ ಮಂಜೇಶ್ವರ, ಕುಂಬಳೆ ಕಡೆಯವರಿಗೆ ಎರಡು ಭಾಷೆಯಲ್ಲೂ ಸಿಕ್ಕಿದ್ದು ಗೊಂದಲವೇ. ಎರಡು ಇವೆಯೋ, ಒಂದೇ ಇದೆಯೋ?

ಚಿತ್ರ ನೋಡಿ ಈ ಜಗಳ ಬಗೆಹರಿಸಲಾಗದು. ಚಿತ್ರದಲ್ಲಿ ಕಾಣುವುದು ರೇಡಿಯೊ ಬೆಳಕಿನ ಚುಕ್ಕೆಗಳು. ಅವು ಎರಡು ಕಪ್ಪುರಂಧ್ರಗಳಿಂದ ಚಿಮ್ಮಿದವೋ, ಒಂದೇ ಕಪ್ಪುರಂಧ್ರದಿಂದ ಹೊರಟ ಧಾರೆಯ ಬೇರೆ ಬೇರೆ ಗಂಟುಗಳೋ ಎಂಬುದನ್ನು ಚುಕ್ಕೆಗಳು ತಾವಾಗಿ ಹೇಳುವುದಿಲ್ಲ. ಎರಡು ಇವೆ ಎಂಬ ನಂಬಿಕೆ ಹುಟ್ಟಿದ್ದು ಚಿತ್ರಕ್ಕೆ ದಶಕಗಳ ಮೊದಲು, ಬೆಳಕಿನ ಏರಿಳಿತದ ಪಟ್ಟಿಯಿಂದ. ಹಾಗಾಗಿ ಪ್ರಶ್ನೆ ಸಂಖ್ಯಾಶಾಸ್ತ್ರದ್ದು: ಏರಿಳಿತದಲ್ಲಿ ಕಂಡ ಲಯ ನಿಜವೋ, ಕಣ್ಣಿನ ಭ್ರಮೆಯೋ?

ಮಿನುಗುವುದೇ ಇದರ ಸ್ವಭಾವ

ಕ್ವೇಸಾರ್ ಎಂದರೆ ದೂರದ ಗೆಲಾಕ್ಸಿಯ ನಡುವಿನ ದೈತ್ಯ ಕಪ್ಪುರಂಧ್ರ ಮತ್ತು ಅದರ ಸುತ್ತ ತಿರುಗುತ್ತಾ ಒಳಗೆ ಬೀಳುವ ಅನಿಲದ ತಟ್ಟೆ. ಕಪ್ಪುರಂಧ್ರ ಬೆಳಗುವುದಿಲ್ಲ. ಬೆಳಗುವುದು ಕಾದ ತಟ್ಟೆ, ಕೆಲವೊಮ್ಮೆ ಅದರಿಂದ ಚಿಮ್ಮುವ ಧಾರೆ. 1963ರಲ್ಲಿ ಮಾರ್ಟೆನ್ ಸ್ಮಿಟ್ 3ಸಿ 273 ಎಂಬ ‘ನಕ್ಷತ್ರ’ ನಿಜಕ್ಕೂ ಇನ್ನೂರು ಕೋಟಿ ಜ್ಯೋತಿರ್ವರ್ಷಕ್ಕಿಂತ ಆಚೆ ಇದೆಯೆಂದು ತೋರಿಸಿದರು. ಅದೇ ವರ್ಷ ಹಾರ್ಲನ್ ಸ್ಮಿತ್ ಮತ್ತು ಡೊರಿಟ್ ಹಾಫ್ಲೈಟ್ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಹತ್ತೊಂಬತ್ತನೇ ಶತಮಾನದಿಂದ ಪೇರಿಸಿಟ್ಟಿದ್ದ ಗಾಜಿನ ಫಲಕಗಳನ್ನು ತೆಗೆದು ನೋಡಿದರೆ, ಅದರ ಬೆಳಕು ಏರುತ್ತಾ ಇಳಿಯುತ್ತಾ ಬಂದಿತ್ತು. ತಿಂಗಳುಗಳಲ್ಲಿ ಬೆಳಕು ಬದಲಾಗಬೇಕಾದರೆ ಬೆಳಗುವ ಜಾಗ ತಿಂಗಳುಗಳ ಬೆಳಕಿನ ಪಯಣಕ್ಕಿಂತ ದೊಡ್ಡದಿರಲಾರದು. ಇಡೀ ಗೆಲಾಕ್ಸಿಯನ್ನು ಮೀರಿಸುವ ಬೆಳಕು ಅಷ್ಟು ಪುಟ್ಟ ಜಾಗದಿಂದ ಬರುತ್ತಿದೆ ಎಂಬುದಕ್ಕೆ ಸಿಕ್ಕ ಮೊದಮೊದಲ ಸುಳಿವುಗಳಲ್ಲಿ ಇದೂ ಒಂದು.

ಯಾಕೆ ಏರಿಳಿಯುತ್ತದೆ? ತಟ್ಟೆಯೊಳಗಿನ ಅನಿಲ ಒಂದೇ ಸಮನೆ ಹರಿಯುವುದಿಲ್ಲ; ಅಲ್ಲಲ್ಲಿ ಕಾಯುತ್ತದೆ, ತಣಿಯುತ್ತದೆ. ಆ ಬಿಸಿ ಏರುಪೇರಿನ ಪೂರ್ತಿ ಭೌತಶಾಸ್ತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಆದ್ದರಿಂದಲೇ ಖಗೋಳ ವಿಜ್ಞಾನಿಗಳು ಸಂಖ್ಯಾಶಾಸ್ತ್ರದ ಮೊರೆ ಹೋದರು. ಕಾರಣ ಆಮೇಲೆ ನೋಡೋಣ, ಮೊದಲು ಏರಿಳಿತ ಹೇಗೆ ನಡೆಯುತ್ತದೆ ಎಂಬುದನ್ನಾದರೂ ಅಳೆಯೋಣ ಎಂಬ ದಾರಿ.

ಗೊತ್ತುಗುರಿಯಿಲ್ಲದ ನಡಿಗೆ, ಆದರೆ ಹಗ್ಗ ಕಟ್ಟಿದ್ದು

2009ರಲ್ಲಿ ಬ್ರ್ಯಾಂಡನ್ ಕೆಲ್ಲಿ ಮತ್ತು ಸಂಗಡಿಗರು ನೂರು ಕ್ವೇಸಾರ್‌ಗಳ ಬೆಳಕಿನ ದಾಖಲೆಗೆ ಒಂದು ಸರಳ ಮಾದರಿ ಹೊಂದಿಸಿದರು. ‘ಡ್ಯಾಂಪ್ಡ್ ರಾಂಡಮ್ ವಾಕ್’ ಎಂದು ಅದಕ್ಕೆ ಹೆಸರಾಯಿತು. ಬದಿಯಡ್ಕದ ಅಡಿಕೆ ಅಂಗಡಿಯಲ್ಲಿ ಡಬ್ಬಲ್ ಚೋಲ್‌ನ ಧಾರಣೆ ದಿನಾ ಬರೆದಿಡುವವರಿಗೆ ಇದು ಹೊಸದೇನಲ್ಲ. ನಾಳೆಯ ಧಾರಣೆ ಎಲ್ಲಿಂದಲೋ ಉದುರುವುದಿಲ್ಲ, ಇಂದಿನದರ ಪಕ್ಕದಲ್ಲೇ ಇರುತ್ತದೆ. ಮೇಲಕ್ಕೋ ಕೆಳಕ್ಕೋ ಎಂಬುದನ್ನು ಮಾತ್ರ ಯಾರೂ ಖಚಿತವಾಗಿ ಹೇಳಲಾರರು. ತುಂಬಾ ಏರಿದರೆ ದಾಸ್ತಾನು ಹೊರಬಂದು ಇಳಿಸುತ್ತದೆ, ತುಂಬಾ ಇಳಿದರೆ ಕೃಷಿಕ ಚಾಲಿಯನ್ನು ಅಟ್ಟದಲ್ಲೇ ಉಳಿಸಿಕೊಳ್ಳುತ್ತಾನೆ, ಧಾರಣೆ ಮತ್ತೆ ಏರುತ್ತದೆ. (ಅಡಿಕೆಯ ಸರಾಸರಿ ಧಾರಣೆಯೇ ವರ್ಷಗಳಲ್ಲಿ ಮೇಲೆ ಸರಿಯುತ್ತದೆ, ಕ್ವೇಸಾರ್ ಮಾದರಿ ಸರಾಸರಿಯನ್ನು ಸ್ಥಿರ ಎಂದು ಹಿಡಿಯುತ್ತದೆ. ಹೋಲಿಕೆ ಅಲ್ಲಿಗೆ ನಿಲ್ಲಬೇಕು.)

ಲೆಕ್ಕದಲ್ಲಿ ಇದು ಎರಡೇ ಸಂಖ್ಯೆಗಳ ಆಟ. ಒಂದು, ಬೆಳಕು ಸರಾಸರಿಯಿಂದ ಎಷ್ಟು ದೂರ ಅಲೆಯುತ್ತದೆ ಎಂಬುದು. ಇನ್ನೊಂದು, ಅಲೆದದ್ದನ್ನು ಎಷ್ಟು ದಿನ ‘ನೆನಪಿಟ್ಟುಕೊಳ್ಳುತ್ತದೆ’ ಎಂಬುದು. ಪ್ರತಿ ಹೆಜ್ಜೆಯಲ್ಲೂ ಹಳೆಯ ದೂರವನ್ನು ಒಂದಿಷ್ಟು ಕುಗ್ಗಿಸಿ, ಅದಕ್ಕೆ ಹೊಸದೊಂದು ಯಾದೃಚ್ಛಿಕ ತಳ್ಳು ಸೇರಿಸಬೇಕು, ಅಷ್ಟೇ. ನೆನಪಿನ ಕಾಲ 200 ದಿನ ಎಂದಿಟ್ಟುಕೊಳ್ಳಿ. ಇಂದು ಬೆಳಕು ಸರಾಸರಿಗಿಂತ ಹೆಚ್ಚಿದ್ದರೆ, 20 ದಿನಗಳ ಬಳಿಕ ಆ ಹೆಚ್ಚಳದ ಶೇ. 90ರಷ್ಟು ಗುರುತು ಉಳಿದಿರುತ್ತದೆ. 200 ದಿನಗಳ ಬಳಿಕ ಶೇ. 37, 600 ದಿನ ಕಳೆದರೆ ಬರೀ ಶೇ. 5. ಸ್ಲೋನ್ ಆಕಾಶ ಸಮೀಕ್ಷೆಯಲ್ಲಿ ಸುಮಾರು ಹತ್ತು ವರ್ಷ ನೋಡಿದ ಒಂಬತ್ತು ಸಾವಿರದಷ್ಟು ಕ್ವೇಸಾರ್‌ಗಳನ್ನು ಚೆಲ್ಸೀ ಮೆಕ್ಲೌಡ್ ಮತ್ತವರ ತಂಡ 2010ರಲ್ಲಿ ಇದೇ ಮಾದರಿಯಲ್ಲಿ ಹಾಯಿಸಿತು. ಅಲೆದಾಟ ಸುಮಾರು ಶೇ. 20ರ ಸುತ್ತ, ನೆನಪಿನ ಕಾಲ ಇನ್ನೂರು ದಿನಗಳ ಆಸುಪಾಸು ಎಂದು ಬಂತು.

ಮಾದರಿ ಪರಿಪೂರ್ಣವೇನಲ್ಲ. ಕೆಪ್ಲರ್ ದೂರದರ್ಶಕ ಅರ್ಧ ಗಂಟೆಗೊಮ್ಮೆ ಅಳೆದ ದಾಖಲೆಗಳನ್ನು ರಿಚರ್ಡ್ ಮಶಾಟ್‌ಸ್ಕಿ ತಂಡ 2011ರಲ್ಲಿ ನೋಡಿದಾಗ, ಕೆಲವೇ ದಿನಗಳ ಅವಧಿಯಲ್ಲಿ ಬೆಳಕು ಈ ಮಾದರಿ ಹೇಳುವುದಕ್ಕಿಂತ ನಯವಾಗಿ ಬದಲಾಗುತ್ತಿತ್ತು. ಅದಕ್ಕೆಂದೇ ಹೆಚ್ಚು ಗುಣಾಂಕಗಳಿರುವ ಮಾದರಿಗಳು ಬಂದವು. ಆದರೂ ತಿಂಗಳು, ವರ್ಷಗಳ ಮಟ್ಟದಲ್ಲಿ ಹೋಲಿಸಿ ನೋಡಲು ಮೊದಲು ಕೈಗೆತ್ತಿಕೊಳ್ಳುವುದು ಇವತ್ತಿಗೂ ಇದನ್ನೇ.

ಲಯದ ಭ್ರಮೆ ಹುಟ್ಟುವುದು ಹೀಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು. ಜಗಳದ ಬೇರು ಇಲ್ಲಿಯೇ ಇದೆ.

ನಾಣ್ಯ ಚಿಮ್ಮಿದಾಗ ಒಂದೊಂದು ಫಲಿತಾಂಶಕ್ಕೂ ಹಿಂದಿನದರ ಹಂಗಿಲ್ಲ. ಅಂಥ ಗದ್ದಲದಲ್ಲಿ ಅಲೆಯ ಆಕಾರ ತಾನಾಗಿ ಮೂಡುವುದು ಅಪರೂಪ. ಕ್ವೇಸಾರ್‌ನ ಏರಿಳಿತಕ್ಕೆ ನೆನಪಿದೆ. ಏರಿದ ಬೆಳಕು ಕೆಲಕಾಲ ಏರಿಯೇ ಇರುತ್ತದೆ, ಇಳಿದದ್ದು ಇಳಿದೇ ಇರುತ್ತದೆ. ಪರಿಣಾಮವಾಗಿ ದೊಡ್ಡ, ನಿಧಾನದ ಉಬ್ಬುತಗ್ಗುಗಳೇ ಎದ್ದು ಕಾಣುತ್ತವೆ. ಇದನ್ನು ‘ರೆಡ್ ನಾಯ್ಸ್’ ಎನ್ನುತ್ತಾರೆ. ಎಂಟು ಹತ್ತು ವರ್ಷಗಳ ತುಂಡನ್ನು ಅದರಿಂದ ಕತ್ತರಿಸಿ ತೆಗೆದರೆ, ಒಂದು ಉಬ್ಬು, ಒಂದು ತಗ್ಗು, ಮತ್ತೊಂದು ಉಬ್ಬು ಸಿಗುವುದು ತೀರಾ ಸಹಜ. ಅದರ ಮೇಲೆ ಒಂದೇ ಲಯದಲ್ಲಿ ಏರಿಳಿಯುವ ಸೈನ್ ರೇಖೆ ಎಳೆದರೆ ಚೆನ್ನಾಗಿಯೇ ಕೂರುತ್ತದೆ.

2015ರ ಪಿಜಿ 1302-102 ಎಂಬ ಕ್ವೇಸಾರ್‌ನ ಪ್ರಕರಣ ನೋಡಿ. ಕ್ಯಾಟಲೀನಾ ಸಮೀಕ್ಷೆಯ 2,43,500 ಕ್ವೇಸಾರ್‌ಗಳನ್ನು ಜಾಲಾಡಿದ ಮ್ಯಾಥ್ಯೂ ಗ್ರಹಾಂ ತಂಡಕ್ಕೆ ಇದರಲ್ಲಿ 5.2 ವರ್ಷಗಳ ಲಯ ಕಂಡಿತು. ಎರಡು ಕಪ್ಪುರಂಧ್ರಗಳು ಸುತ್ತುತ್ತಿರಬಹುದು ಎಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕ್ಯಾಟಲೀನಾ ದಾಖಲೆ ಸುಮಾರು ಒಂಬತ್ತು ವರ್ಷದ್ದು. ಅದರಲ್ಲಿ ಎರಡು ಸುತ್ತು ಕೂಡ ಪೂರ್ತಿಯಾಗಿರಲಿಲ್ಲ. ಮರುವರ್ಷವೇ ಲೆಸ್ಟರ್ ವಿಶ್ವವಿದ್ಯಾಲಯದ ಸೈಮನ್ ವಾನ್ ಮತ್ತಿತರರು ಕಂಪ್ಯೂಟರಿನಲ್ಲಿ ಬರೀ ರೆಡ್ ನಾಯ್ಸ್‌ನಿಂದ ಕೃತಕ ಕ್ವೇಸಾರ್‌ಗಳನ್ನು ತಯಾರಿಸಿ ತೋರಿಸಿದರು: ಯಾವ ಲಯವೂ ಇಲ್ಲದ ಗದ್ದಲದಲ್ಲಿ ಎರಡು ಮೂರು ಸುತ್ತಿನ ಅಲೆಗಳು ಧಾರಾಳವಾಗಿ ಮೂಡುತ್ತವೆ. 2018ರಲ್ಲಿ ಹೊಸ ಅಳತೆಗಳನ್ನು ಸೇರಿಸಿದಾಗ ಪಿಜಿ 1302ರ ಲಯದ ಬಲ ಕುಗ್ಗಿತು. ಲಯ ನಿಜವಾಗಿದ್ದರೆ ದಾಖಲೆ ಉದ್ದವಾದಷ್ಟೂ ಬಲ ಹೆಚ್ಚಬೇಕಿತ್ತು.

ಇನ್ನೊಂದು ಲೆಕ್ಕವೂ ಇದೆ, ಸುದ್ದಿಗಳಲ್ಲಿ ಬಿಟ್ಟುಹೋಗುವುದು ಸಾಮಾನ್ಯವಾಗಿ ಇದೇ. ಅದೇ ಸಮೀಕ್ಷೆಯಲ್ಲಿ ಒಟ್ಟು 111 ಅಭ್ಯರ್ಥಿಗಳು ಸಿಕ್ಕಿದ್ದವು, ಅಂದರೆ ಸುಮಾರು 2,200ಕ್ಕೆ ಒಂದು. ಆಕಸ್ಮಿಕವಾಗಿ ಹೀಗೆ ಕಾಣುವ ಸಾಧ್ಯತೆ ಸಾವಿರಕ್ಕೆ ಒಂದೇ ಎಂದರೂ, ಎರಡೂವರೆ ಲಕ್ಷದ ಹತ್ತಿರ ಕ್ವೇಸಾರ್ ಹುಡುಕಿದರೆ 243 ಸುಳ್ಳು ಲಯಗಳು ತಾವಾಗಿಯೇ ಬಂದು ಕೂರುತ್ತವೆ. ‘ಶೇ. 99.9 ಖಚಿತ’ ಎಂಬ ಮಾತಿಗೆ ಬೆಲೆ ಬರುವುದು ಎಷ್ಟರಲ್ಲಿ ಹುಡುಕಿದರು ಎಂದು ಗೊತ್ತಾದ ಮೇಲೆ.

ಆಟಿ ತಿಂಗಳಲ್ಲಿ ಮರೆಯಾಗುವ ಓಜೆ 287

ಈಗ ಓಜೆ 287ಕ್ಕೆ ಬರೋಣ. ಇದು ಕರ್ಕ ರಾಶಿಯಲ್ಲಿ, ಪುಷ್ಯ ನಕ್ಷತ್ರಕ್ಕೆ ಮೂರು ಡಿಗ್ರಿಯಷ್ಟು ಹತ್ತಿರದಲ್ಲಿದೆ. ಸೂರ್ಯ, ಗ್ರಹಗಳು ಓಡಾಡುವ ಹಾದಿಯ ಪಕ್ಕದಲ್ಲೇ ಇರುವುದರಿಂದ, ಬೇರೆ ಏನನ್ನೋ ಹುಡುಕುತ್ತಾ ಆ ಹಾದಿಯ ಫೋಟೊ ತೆಗೆದವರ ಫಲಕಗಳಲ್ಲಿ ಇದೂ ಬಿದ್ದಿದೆ. ಹೀಗೆ ಪುಕ್ಕಟೆಯಾಗಿ ಸಿಕ್ಕಿದ್ದು 1880ರ ದಶಕದಿಂದ ಈಚಿನ ದಾಖಲೆ. ಇಷ್ಟು ಉದ್ದದ ಪಟ್ಟಿ ಬಹಳ ಕಡಿಮೆ ಕ್ವೇಸಾರ್‌ಗಳಿಗಿದೆ. ಅದರಲ್ಲಿ ಸುಮಾರು 12 ವರ್ಷಕ್ಕೊಮ್ಮೆ ಬರುವ ಹೊಳಪುಗಳನ್ನು 1988ರಲ್ಲಿ ಗುರುತಿಸಿದರು. (ಕಟ್ಟುನಿಟ್ಟಾಗಿ ಹೇಳಿದರೆ ಇದು ‘ಬ್ಲೇಜಾರ್’, ಧಾರೆ ನಮ್ಮ ಕಡೆಗೇ ತಿರುಗಿರುವ ಜಾತಿ. ಇವುಗಳ ಏರಿಳಿತ ಸಾಧಾರಣ ಕ್ವೇಸಾರ್‌ಗಿಂತ ಒರಟು.)

ಟುರ್ಕುವಿನ ಮೌರಿ ವಾಲ್ಟೊನೆನ್ ಬಳಗದ ವಿವರಣೆ ಹೀಗೆ: 1,800 ಕೋಟಿ ಸೂರ್ಯರ ತೂಕದ ಹಿರಿಯ ಕಪ್ಪುರಂಧ್ರ, ಅದನ್ನು ಸುತ್ತುವ 15 ಕೋಟಿ ಸೂರ್ಯರ ತೂಕದ ಕಿರಿಯದು. ಕಿರಿಯದು ಪ್ರತಿ ಸುತ್ತಿನಲ್ಲೂ ಎರಡು ಸಲ ಹಿರಿಯದರ ತಟ್ಟೆಯನ್ನು ತೂರಿ ಹೋಗುತ್ತದೆ, ತೂರಿದಾಗ ಹೊಳಪು. ಕಕ್ಷೆಯೇ ಪ್ರತಿ ಸುತ್ತಿಗೆ 39 ಡಿಗ್ರಿಯಷ್ಟು ಸರಿಯುವುದರಿಂದ ಹೊಳಪುಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ. ಈ ಮಾದರಿಯ ದೊಡ್ಡ ಗೆಲುವು 2019ರದ್ದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ (ಟಿಐಎಫ್‌ಆರ್) ಲಂಕೇಶ್ವರ ಡೇ ಮತ್ತಿತರರು ಜುಲೈ 31ಕ್ಕೆ ಹೊಳಪು ಬರುತ್ತದೆಂದು ಮೊದಲೇ ಲೆಕ್ಕ ಕೊಟ್ಟಿದ್ದರು. ಆ ಸಮಯಕ್ಕೆ ಓಜೆ 287 ಭೂಮಿಯಿಂದ ನೋಡಿದರೆ ಸೂರ್ಯನ ಪಕ್ಕದಲ್ಲೇ ಇರುತ್ತದೆ. ಸೂರ್ಯ ಕರ್ಕದಲ್ಲಿರುವ ಆಟಿ ತಿಂಗಳಲ್ಲಿ ಕರ್ಕದ ಕ್ವೇಸಾರ್ ಕಾಣಲು ಸಾಧ್ಯವಿಲ್ಲ. ಕಾಸರಗೋಡಿನ ಮಳೆಮೋಡ ಸರಿದರೂ ಅಷ್ಟೇ, ಮೋಡವೇ ಇಲ್ಲದ ಮರುಭೂಮಿಯ ವೀಕ್ಷಣಾಲಯವಾದರೂ ಅಷ್ಟೇ. ಭೂಮಿಯಿಂದ ಬಹುದೂರ ಸರಿದಿದ್ದ ಸ್ಪಿಟ್ಜರ್ ದೂರದರ್ಶಕಕ್ಕೆ ಮಾತ್ರ ಆ ಅಡ್ಡಿ ಇರಲಿಲ್ಲ. ಹೇಳಿದ ಸಮಯದ ನಾಲ್ಕು ಗಂಟೆಗಳೊಳಗೆ ಹೊಳಪು ಬಂತು.

ಸೋಲು 2022ರದ್ದು. ಅಕ್ಟೋಬರಿಗೆ ಹೇಳಿದ್ದ ಹೊಳಪು ಕಾಣಲಿಲ್ಲ. ಸ್ವಿಫ್ಟ್ ಉಪಗ್ರಹದಿಂದ ವರ್ಷಗಟ್ಟಲೆ ಓಜೆ 287ರ ಮೇಲೆ ಕಣ್ಣಿಟ್ಟಿದ್ದ ಬಾನ್‌ನ ಸ್ಟೆಫನಿ ಕೊಮೊಸ್ಸಾ ತಂಡ, ಹಿರಿಯ ಕಪ್ಪುರಂಧ್ರದ ತೂಕ ಹತ್ತು ಕೋಟಿ ಸೂರ್ಯರಷ್ಟೇ ಸಾಕು, ಕಕ್ಷೆ ಸರಿಯುವ ಆ ಭಾರೀ ಜೋಡಿ ಬೇಕಿಲ್ಲ ಎಂದಿತು. ವಾಲ್ಟೊನೆನ್ ಬಳಗ ಒಪ್ಪಲಿಲ್ಲ. ಲೆಕ್ಕ ತಿದ್ದಿದರೆ ಹೊಳಪಿನ ಸಮಯ ಜುಲೈ–ಆಗಸ್ಟ್‌ಗೆ ಬೀಳುತ್ತದೆ, ಆಗ ಅದು ಸೂರ್ಯನ ಮರೆಯಲ್ಲಿತ್ತು ಎಂಬುದು ಅವರ ಉತ್ತರ.

ಉತ್ತರ ಸುಳ್ಳೆನ್ನಲು ಬರುವುದಿಲ್ಲ. ಆದರೆ ಪರೀಕ್ಷೆಯ ದಿನ ಕಳೆದ ಮೇಲೆ ದಿನಾಂಕ ಬದಲಾಗುವ ಮಾದರಿಗೆ, ಬದಲಾಗದ ಮಾದರಿಯಷ್ಟು ಅಂಕ ಕೊಡಲಾಗದು. 2019ರ ನಿಖರತೆಯನ್ನು ತೂಗುವವರು 2022ನ್ನೂ ಅದೇ ತಕ್ಕಡಿಯಲ್ಲಿ ಇಡಬೇಕು. 2025ರ ಸುದ್ದಿಯ ಚಿತ್ರ ತಯಾರಾದದ್ದು ರಷ್ಯಾದ ರೇಡಿಯೊಆಸ್ಟ್ರಾನ್ ಉಪಗ್ರಹ 2014ರಲ್ಲಿ ಪಡೆದ ಅಳತೆಗಳಿಂದ. ಅದರ ಒಂದು ಚುಕ್ಕೆಯನ್ನು ಕಿರಿಯ ಕಪ್ಪುರಂಧ್ರದ ಧಾರೆ ಎಂದು ಗುರುತಿಸಲು ಕಕ್ಷೆಯ ಅದೇ ಮಾದರಿ ನೆರವಾಗಿದೆ. ಆದ್ದರಿಂದ ಚಿತ್ರ ಮಾದರಿಗೆ ಹೊರಗಿನಿಂದ ಬಂದ ಸಾಕ್ಷಿ ಎನ್ನುವುದು ಕಷ್ಟ.

ಇದರ ಜೊತೆಗೆ ಪಿಕೆಎಸ್ 2131-021 ಎಂಬ ಇನ್ನೊಂದು ಬ್ಲೇಜಾರನ್ನು ಇಟ್ಟು ನೋಡಬೇಕು. ಸದ್ದು ಕಡಿಮೆ, ಸಾಕ್ಷಿ ಗಟ್ಟಿ. 2022ರಲ್ಲಿ ಕ್ಯಾಲ್ಟೆಕ್‌ನ ಸಾಂಡ್ರಾ ಓನೀಲ್ ಮತ್ತಿತರರು 45 ವರ್ಷಗಳ ರೇಡಿಯೊ ದಾಖಲೆ ಜೋಡಿಸಿದರು. 1970ರ ದಶಕದಿಂದ 80ರ ಆರಂಭದವರೆಗೆ ಲಯ ಕಂಡು, ಸುಮಾರು ಇಪ್ಪತ್ತು ವರ್ಷ ಮಾಯವಾಗಿ, 2003ರ ಹೊತ್ತಿಗೆ ಮತ್ತೆ ಶುರುವಾಗಿತ್ತು. ಮರಳಿ ಬಂದಾಗಲೂ ಅವಧಿ ಅದೇ, ತಾಳವೂ ಹಳೆಯದಕ್ಕೆ ಕೂಡುವಂಥದ್ದೇ. ನೆನಪು ಅಳಿಸಿಹೋಗುವ ಗದ್ದಲ ಇಪ್ಪತ್ತು ವರ್ಷ ಕಳೆದು ಅದೇ ತಾಳ ಹಿಡಿಯುವುದು ಬಲು ಅಪರೂಪ.

ದೂರ ಹೋದಷ್ಟೂ ಗಡಿಯಾರ ನಿಧಾನ

ಉದ್ದ ದಾಖಲೆ ಬೇಕು ಎಂದರೆ ಎಷ್ಟು ಉದ್ದ? ಶಿಮೊನ್ ಕೊಜ್ವೊಫ್ಸ್ಕಿ 2017ರಲ್ಲಿ ಲೆಕ್ಕ ಹಾಕಿ ತೋರಿಸಿದ ಪ್ರಕಾರ, ನೆನಪಿನ ಕಾಲವನ್ನು ನಂಬುವಂತೆ ಅಳೆಯಲು ದಾಖಲೆ ಅದರ ಹತ್ತು ಪಟ್ಟಾದರೂ ಇರಬೇಕು. ಇಲ್ಲದಿದ್ದರೆ ಸಿಗುವ ಉತ್ತರ ಕ್ವೇಸಾರ್‌ನದಲ್ಲ, ದಾಖಲೆಯ ಉದ್ದದ್ದು.

ಇದಕ್ಕೆ ವಿಶ್ವದ ಹಿಗ್ಗುವಿಕೆ ಇನ್ನೊಂದು ತೊಡಕು ಸೇರಿಸುತ್ತದೆ. ದೂರದ ಕ್ವೇಸಾರ್‌ನಲ್ಲಿ 200 ದಿನಗಳಲ್ಲಿ ನಡೆದದ್ದು ನಮಗೆ ಹಿಗ್ಗಿ ಕಾಣುತ್ತದೆ. ಇದು ನಿಜವೇ ಎಂಬ ಬಗ್ಗೆಯೂ ಬಹುಕಾಲ ತಕರಾರಿತ್ತು. ಕ್ವೇಸಾರ್ ಏರಿಳಿತದಲ್ಲಿ ಈ ಹಿಗ್ಗುವಿಕೆ ಕಾಣುವುದಿಲ್ಲ ಎಂದು ಮೈಕ್ ಹಾಕಿನ್ಸ್ ವಾದಿಸಿದ್ದರು. 2023ರಲ್ಲಿ ಗೆರೈಂಟ್ ಲೂಯಿಸ್ ಮತ್ತು ಬ್ರೆಂಡನ್ ಬ್ರೂವರ್ ಎರಡು ದಶಕಗಳಷ್ಟು ಕಾಲ ಗಮನಿಸಿದ 190 ಕ್ವೇಸಾರ್‌ಗಳನ್ನು ಇದೇ ಡ್ಯಾಂಪ್ಡ್ ರಾಂಡಮ್ ವಾಕ್ ಮಾದರಿಗೆ ಹೊಂದಿಸಿ, ಒಂದೇ ಬಗೆಯವನ್ನು ಒಂದರೊಡನೊಂದು ಹೋಲಿಸಿದಾಗ ಹಿಗ್ಗುವಿಕೆ ಸ್ಪಷ್ಟವಾಯಿತು. ಅತಿ ದೂರದವು ಐದು ಪಟ್ಟು ನಿಧಾನ. ‘ಆದಿಯಲ್ಲಿ ಕಾಲವೇ ನಿಧಾನವಾಗಿತ್ತು’ ಎಂಬ ಶೀರ್ಷಿಕೆಗಳು ಹುಟ್ಟಿದ್ದು ಇದರಿಂದ. ಅಲ್ಲಿದ್ದವರಿಗೆ ಒಂದು ದಿನ ಒಂದು ದಿನವೇ. ನಿಧಾನವೆನಿಸುವುದು ಇಲ್ಲಿಂದ ನೋಡುವ ನಮಗೆ.

ಈಗ ಎರಡನ್ನೂ ಕೂಡಿಸಿ. 200 ದಿನಗಳ ನೆನಪು ಐದು ಪಟ್ಟು ಹಿಗ್ಗಿದರೆ 1,000 ದಿನ. ಅದರ ಹತ್ತು ಪಟ್ಟು ಎಂದರೆ 27 ವರ್ಷಕ್ಕೂ ಮಿಕ್ಕಿದ ದಾಖಲೆ.

ತಪ್ಪಿದರೆ ಏನಾಗುತ್ತದೆ? 2021ರಲ್ಲಿ ಕಾಲಿನ್ ಬರ್ಕ್ ಮತ್ತಿತರರು 67 ಸಕ್ರಿಯ ಗೆಲಾಕ್ಸಿಗಳನ್ನು ನೋಡಿ, ನೆನಪಿನ ಕಾಲ ಕಪ್ಪುರಂಧ್ರದ ತೂಕದೊಡನೆ ಏರುತ್ತದೆ ಎಂದು ಕಂಡುಕೊಂಡರು. ಅಂದರೆ ಮಿನುಗನ್ನು ನೋಡಿಯೇ ತೂಕ ಹೇಳಬಹುದು. ಆದರೆ ಈ ಸಂಬಂಧ ಕಡಿದಾದದ್ದು. ಗಿಡ್ಡ ದಾಖಲೆಯಿಂದಾಗಿ ನೆನಪಿನ ಕಾಲ ಅರ್ಧಕ್ಕೆ ಇಳಿದರೆ, ತೂಕ ಸುಮಾರು ಆರರಲ್ಲೊಂದು ಪಾಲಿಗೆ ಇಳಿದುಬಿಡುತ್ತದೆ. ಆದಿಕಾಲದ ಕಪ್ಪುರಂಧ್ರಗಳು ಅಷ್ಟು ಬೇಗ ಅಷ್ಟು ದೊಡ್ಡವಾದದ್ದು ಹೇಗೆ ಎಂಬ ಚರ್ಚೆಯಲ್ಲಿ ಆರು ಪಟ್ಟಿನ ವ್ಯತ್ಯಾಸ ಸಣ್ಣದಲ್ಲ.

ಮುಂದಿನ ಹತ್ತು ವರ್ಷ

ಲಯಗಳ ಮೇಲೆ ಹೊರಗಿನ ಅಂಕುಶವೂ ಒಂದಿದೆ. ಜೋಡಿ ಕಪ್ಪುರಂಧ್ರಗಳು ಗುರುತ್ವದ ಅಲೆ ಎಬ್ಬಿಸುತ್ತವೆ. ಸಮೀಕ್ಷೆಗಳು ಕೊಟ್ಟ ಎಲ್ಲ ಅಭ್ಯರ್ಥಿಗಳೂ ನಿಜವಾಗಿದ್ದರೆ ಆ ಅಲೆಗಳ ಮೊತ್ತ ಪಲ್ಸಾರ್ ಗಡಿಯಾರಗಳಲ್ಲಿ, ಅಂದರೆ ಕರಾರುವಾಕ್ಕಾಗಿ ಮಿಡಿಯುವ ನಕ್ಷತ್ರಗಳ ಮಿಡಿತದಲ್ಲಿ, ಆಗಲೇ ಸಿಗಬೇಕಿತ್ತು ಎಂದು ಆಲ್ಬರ್ಟೊ ಸೆಸಾನಾ ತಂಡ 2018ರಲ್ಲಿ ತೋರಿಸಿತು. 2023ರ ಜೂನ್‌ನಲ್ಲಿ ಅಂಥ ಅಲೆಗಳ ಮೊರೆತಕ್ಕೆ ಸಾಕ್ಷಿ ಸಿಕ್ಕಿತು. ಪುಣೆ ಬಳಿಯ ಜಿಎಂಆರ್‌ಟಿ ರೇಡಿಯೊ ದೂರದರ್ಶಕ ಬಳಸುವ ಭಾರತೀಯ ತಂಡವೂ ಅದರಲ್ಲಿತ್ತು. ಜೋಡಿಗಳು ಇವೆ ಎಂಬ ನಂಬಿಕೆ ಇದರಿಂದ ಗಟ್ಟಿಯಾಗಿದೆ. ಯಾವ ಕ್ವೇಸಾರ್ ಜೋಡಿ ಎಂಬುದು ಮಾತ್ರ ಇದರಿಂದ ತಿಳಿಯುವುದಿಲ್ಲ.

ಅದಕ್ಕೆ ಕಾಯಬೇಕಿರುವುದು ಚಿಲಿಯ ರೂಬಿನ್ ವೀಕ್ಷಣಾಲಯಕ್ಕೆ. 2025ರ ಜೂನ್ 23ರಂದು ಅದರ ಮೊದಲ ಚಿತ್ರಗಳು ಹೊರಬಂದವು. 8.4 ಮೀಟರ್ ಕನ್ನಡಿ, 3,200 ಮೆಗಾಪಿಕ್ಸೆಲ್ ಕ್ಯಾಮೆರಾ, ಆಕಾಶದ ಒಂದೊಂದು ತುಂಡನ್ನೂ ಹತ್ತು ವರ್ಷಗಳಲ್ಲಿ ಸುಮಾರು 800 ಸಲ ನೋಡುವ ಯೋಜನೆ. ಹತ್ತು ಲಕ್ಷ ಕ್ವೇಸಾರ್‌ಗಳನ್ನಷ್ಟೇ ಗಮನಿಸಿದರೂ, ಸಾವಿರಕ್ಕೊಂದರ ಲೆಕ್ಕದಲ್ಲಿ ಸಾವಿರ ಸುಳ್ಳು ಲಯಗಳು ಸಿಗುತ್ತವೆ. ‘ಹೊಸ ಜೋಡಿ ಕಪ್ಪುರಂಧ್ರ ಪತ್ತೆ’ ಎಂಬ ಸುದ್ದಿಗಳು ವಾರಕ್ಕೊಂದರಂತೆ ಬರಲು ಇಷ್ಟು ಸಾಕು. ಹತ್ತು ವರ್ಷದ ದಾಖಲೆ ದೂರದ ಕ್ವೇಸಾರ್‌ಗಳಿಗೆ ಸಾಲದು ಎಂದು ಆಗಲೇ ನೋಡಿದೆವು. ಸ್ಲೋನ್, ಕ್ಯಾಟಲೀನಾ ಮುಂತಾದ ಹಳೆಯ ಸಮೀಕ್ಷೆಗಳನ್ನು ರೂಬಿನ್‌ಗೆ ಬೆಸೆಯಬೇಕು. ಬೇರೆ ಬೇರೆ ಕ್ಯಾಮೆರಾ, ಬೇರೆ ಬೇರೆ ಫಿಲ್ಟರ್‌ಗಳ ಅಳತೆ ಒಂದಕ್ಕೊಂದು ಕೂಡುವಂತೆ ಮಾಡುವುದು ಬೇಸರ ತರಿಸುವ ಕೆಲಸ. ಮುಂದಿನ ದಶಕದ ಮುಖ್ಯ ಫಲಿತಾಂಶಗಳು ಹುಟ್ಟುವುದು ಬಹುಶಃ ಆ ಬೇಸರದ ಕೆಲಸದಿಂದಲೇ.

ಕಾಸರಗೋಡಿನಲ್ಲಿ ಪ್ಲಸ್ ಟು ಮುಗಿಸಿ ಭೌತಶಾಸ್ತ್ರಕ್ಕೋ ಸಂಖ್ಯಾಶಾಸ್ತ್ರಕ್ಕೋ ಸೇರುವ ವಿದ್ಯಾರ್ಥಿಗಳಿಗೆ ಇದರಲ್ಲಿ ಪಾಲಿಲ್ಲ ಎಂದೇನಿಲ್ಲ. ಜ್ವಿಕಿ ಸಮೀಕ್ಷೆಯ ಬೆಳಕಿನ ದಾಖಲೆಗಳು ಎಲ್ಲರಿಗೂ ತೆರೆದಿವೆ, ಮಾದರಿ ಹೊಂದಿಸುವ ಪೈಥಾನ್ ಕೋಡ್‌ಗಳು ಪುಕ್ಕಟೆ ಸಿಗುತ್ತವೆ. ಮಳೆ ಇಲ್ಲದ ಫೆಬ್ರವರಿ, ಮಾರ್ಚ್‌ನಲ್ಲಿ ಎಂಟಿಂಚಿನ ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿದರೆ ಕನ್ಯಾ ರಾಶಿಯ 3ಸಿ 273 ಕೂಡ ಸಿಗುತ್ತದೆ. ಹವ್ಯಾಸಿಗಳ ಅಂಥ ಅಳತೆಗಳನ್ನು ಅಮೆರಿಕದ ಎಎವಿಎಸ್‌ಒ ಸಂಘ ಸಂಗ್ರಹಿಸುತ್ತದೆ.

ಪಿಜಿ 1302ಕ್ಕೂ ಇನ್ನೊಂದು ಅವಕಾಶವಿದೆ. 5.2 ವರ್ಷದ ಲಯ ನಿಜವಾದರೆ ಮುಂದಿನ ಹತ್ತು ವರ್ಷಗಳಲ್ಲಿ ಇನ್ನೂ ಹೆಚ್ಚುಕಡಿಮೆ ಎರಡು ಸುತ್ತು ಸೇರಬೇಕು. ಉಬ್ಬು ಯಾವ ತಿಂಗಳು, ತಗ್ಗು ಯಾವ ತಿಂಗಳು ಎಂದು ಹಳೆಯ ದಾಖಲೆಯಿಂದ ಈಗಲೇ ಲೆಕ್ಕ ಹಾಕಿ ಪ್ರಕಟಿಸಬಹುದು. ಹಾಗೆ ಪ್ರಕಟಿಸಿದ ದಿನಾಂಕಗಳನ್ನು ಆಮೇಲೆ ತಿದ್ದದೆ, ಬರೀ ರೆಡ್ ನಾಯ್ಸ್‌ನಿಂದ ಮಾಡಿದ ಸಾವಿರ ಕೃತಕ ಕ್ವೇಸಾರ್‌ಗಳ ಪಕ್ಕದಲ್ಲಿಟ್ಟು ನೋಡಿದರೆ, 2035ರ ಹೊತ್ತಿಗೆ ಆ ಒಂದು ಪ್ರಕರಣವಾದರೂ ಹೌದು ಇಲ್ಲ ಎಂದು ಮುಗಿಯುತ್ತದೆ.